ನಲವತ್ತೊಂದನೇ ಪ್ರಶ್ನೆ

25 ಮಾರ್ಚ್ 2025, ಮಂಗಳವಾರ
ಕಲಬುರಗಿ, ರಾತ್ರಿ ಹನ್ನೊಂದರ ಮೇಲೆ

ಇವತ್ತು ಒಬ್ಬ ಹುಡುಗನಿಗೆ ಎಲ್ಲರ ಮುಂದೆ ಬೈದೆ. ತಪ್ಪು ನನ್ನದಿತ್ತು.

ಶಹಾಬಾದಿನ ಹುಡುಗ. ಮೊದಲ ವರ್ಷ ಲ್ಯಾಬಿನಲ್ಲಿ ಆಸಿಡ್ ಬಾಟಲಿ ಕಂಡು ಉಳಿದವರೆಲ್ಲ ಹಿಂದೆ ಸರಿದಾಗ ಮುಂದೆ ಬಂದು ಹಿಡಿದವನು ಅಂತ ಹಿಂದೆ ಒಮ್ಮೆ ಬರೆದಿದ್ದೆನಲ್ಲ, ಅವನೇ. ಪಿಯು ಪರೀಕ್ಷೆ 20ಕ್ಕೆ ಮುಗಿದರೂ ಸಿಇಟಿ ಬರೆಯುವ ಮಕ್ಕಳು ಮಧ್ಯಾಹ್ನ ಕಾಲೇಜಿಗೆ ಬರ್ತಾರೆ. ಮೂಲೆಯ ಕೋಣೆಯಲ್ಲಿ ಫ್ಯಾನು ತಿರುಗುತ್ತದೆ ಅನ್ನೋದಷ್ಟೇ ಅನುಕೂಲ. 60 ಪ್ರಶ್ನೆ, 70 ನಿಮಿಷ, ಮೇಜಿನ ಮೇಲೆ ನನ್ನ ಗಡಿಯಾರ. ಇವತ್ತಿನದು ಏಳನೇ ಸೆಟ್.

ಅದರಲ್ಲಿ 38ನೇ ಪ್ರಶ್ನೆ, 10⁻⁸ ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದ ಪಿಎಚ್ ಎಷ್ಟು ಅಂತ. ಅದು ಪ್ರತ್ಯಾಮ್ಲ, ಪಿಎಚ್ 7ಕ್ಕಿಂತ ಮೇಲೇ ಇರಬೇಕು; ಆಮ್ಲದ್ದಾದರೆ 7ಕ್ಕಿಂತ ಕೆಳಗೆ. ಅವನು 6ಕ್ಕೆ ಗುರುತು ಹಾಕಿದ್ದ. ಬೇರೆ ಯಾರಾದರೂ ಹಾಕಿದ್ದರೆ ಸುಮ್ಮನೆ ತಿದ್ದಿ ಮುಂದೆ ಹೋಗ್ತಿದ್ದೆ. ಅವನು ಅಂತಲೇ ಸಿಟ್ಟು ಬಂತು.

"ಏ ತಮ್ಮಾ, ಪ್ರತ್ಯಾಮ್ಲದ ಪಿಎಚ್ ಆರು ಹೆಂಗ ಬರ್ತದೋ? ಹತ್ತನೇ ಕ್ಲಾಸಿನ್ಯಾಗ ಕಲ್ತದ್ದೂ ಮರ್ತಿ ಏನು? ಇನ್ನ ಇಪ್ಪತ್ತೆರಡು ದಿನ ಉಳದಾವ, ಈಗ ಇಂಥಾ ತಪ್ಪು ಮಾಡ್ಲತ್ತೀ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವನು ತಲೆ ಎತ್ತಲಿಲ್ಲ. ಬ್ಯಾಗಿನಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದು ಬಿಡಿಸಿ ಮೇಜಿನ ಮೇಲೆ ಇಟ್ಟ. ಶುಕ್ರವಾರ ಕೊಟ್ಟಿದ್ದ ನಾಲ್ಕನೇ ಸೆಟ್. 41ನೇ ಪ್ರಶ್ನೆಯ ಮೇಲೆ ಬೆರಳಿಟ್ಟ. "ನೀವೇ ಹೇಳೀರಿ ಮೇಡಂ."

10⁻⁸ ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಎಷ್ಟು? ಎ: 7. ಬಿ: 8. ಸಿ: 6.98. ಡಿ: 6. ಕೆಳಗೆ ನಾನೇ ಟೈಪ್ ಮಾಡಿದ ಉತ್ತರಗಳ ಕೀ. 41: ಬಿ.

ಗುರುವಾರ ರಾತ್ರಿ ಕರೆಂಟ್ ಹೋಗಿ ಬಂದು ಮಾಡ್ತಿತ್ತು. ಪಕ್ಕದವನದು ನೋಡಿ ಬರೆಯಬಾರದು ಅಂತ ಒಂದೇ ಸೆಟ್ಟಿಗೆ ಎರಡು ವರ್ಷನ್ ಮಾಡಿದ್ದೆ, ಆಯ್ಕೆಗಳನ್ನು ಹಿಂದೆ ಮುಂದೆ ಮಾಡಿ. ಮೊದಲಿನದರಲ್ಲಿ 6.98 ಬಿ ಇತ್ತು. ಎರಡನೆಯದರಲ್ಲಿ ಸಿಗೆ ಬಂತು. ಕೀಯಲ್ಲಿ ಅಕ್ಷರ ಹಾಗೇ ಉಳಿಯಿತು. ಆದದ್ದು ಇಷ್ಟೇ.

ಆದರೆ ಅವನ ಹಾಳೆ ನೋಡಿ ನನಗೆ ಕೂಡಬೇಕು ಅನ್ನಿಸಿತು. ಪ್ರಶ್ನೆಯ ಪಕ್ಕದ ಅಂಚಿನಲ್ಲಿ ಸಣ್ಣ ಪೆನ್ಸಿಲ್ ಅಕ್ಷರ: "ಆಮ್ಲ ಹಾಕಿದ ಮೇಲೆ 7ಕ್ಕಿಂತ ಕಡಿಮೆನೇ ಇರಬೇಕು. ನೀರಿನದೂ ಸೇರಿಸು." ಅದರ ಕೆಳಗೆ ವರ್ಗ ಸಮೀಕರಣ, ಬಿಡಿಸಿ 6.98 ತನಕ ತಂದಿದ್ದಾನೆ. ಅದರ ಮೇಲೆ ಒಂದು ಓರೆ ಗೆರೆ. ಸಿ ಗುಂಡನ್ನು ರಬ್ಬರಿನಿಂದ ಎಷ್ಟು ತಿಕ್ಕಿದ್ದಾನೆ ಅಂದರೆ ಅಲ್ಲಿ ಹಾಳೆ ತೆಳ್ಳಗಾಗಿ ಹಿಂದಿನ ಪುಟದ ಅಕ್ಷರ ಕಾಣ್ತದೆ. ಪಕ್ಕದ ಬಿ ಗುಂಡು ಕಪ್ಪಗೆ ತುಂಬಿದ್ದಾನೆ. ಎಲ್ಲಕ್ಕಿಂತ ಕೆಳಗೆ, ಈ ಸಲ ಪೆನ್ನಿನಲ್ಲಿ: "ಕೀ ಪ್ರಕಾರ ಬಿ. ನೀರಿನದು ಸೇರಿಸಬಾರದು."

ತಾನೇ ಒಂದು ನಿಯಮ ಮಾಡಿಕೊಂಡಿದ್ದ. ಇವತ್ತು ಆ ನಿಯಮ ತಪ್ಪದೆ ಪಾಲಿಸಿ 6 ತಂದಿದ್ದ. ಲೆಕ್ಕ ಸರಿಯಾಗೇ ಇದೆ, ನೀರಿನ ಲೆಕ್ಕ ಬಿಟ್ಟರೆ ಪಿಒಎಚ್ 8, ಎರಡೂ ಕೂಡಿ 14 ಆಗಬೇಕು, ಹಾಗಾಗಿ ಪಿಎಚ್ 6. ಅದಕ್ಕೇ ನಾನು ಬೈದದ್ದು.

"ಮತ್ತ ನನಗ ಕೇಳಬಾರದೇನೋ?"

"ಕೀ ಒಳಗ ಹಂಗೇ ಇತ್ರಿ ಮೇಡಂ."

"ಕೀ ತಪ್ಪಿರಬಹುದಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ನೀವು ಮಾಡಿದ್ದು ಅಲ್ಲೇನ್ರಿ ಅದು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಎಲ್ಲರ ಮುಂದೆ ಬೈದಿದ್ದೆ, ಎಲ್ಲರ ಮುಂದೆಯೇ ಹೇಳಿದೆ, ಕೀ ತಪ್ಪು, ಇವನು ಮೊದಲು ಬರೆದದ್ದು ಸರಿ ಅಂತ. ಬೋರ್ಡಿನ ಮೇಲೆ ಪೂರ್ತಿ ಬಿಡಿಸಿದೆ. ಶುದ್ಧ ನೀರಿನಲ್ಲಿ ನೀರಿನದೇ ಹೈಡ್ರೋಜನ್ ಅಯಾನು 10⁻⁷ ಇರ್ತದೆ. ನಾವು ಹಾಕಿದ ಆಮ್ಲದ್ದು ಅದರ ಹತ್ತನೇ ಒಂದು ಪಾಲು. ಬರೀ ಕೂಡಿಸಿದರೆ 1.1 × 10⁻⁷, ಪಿಎಚ್ 6.96. ಆದರೆ ಆಮ್ಲ ಬಂದ ಕೂಡಲೇ ನೀರು ತನ್ನ ಒಡೆಯುವಿಕೆಯನ್ನು ಸ್ವಲ್ಪ ಕಡಿಮೆ ಮಾಡಿಕೊಳ್ಳುತ್ತದೆ, ಹಾಗಾಗಿ ಮೊತ್ತ ಸುಮಾರು 1.05 × 10⁻⁷ಕ್ಕೆ ನಿಲ್ಲುತ್ತದೆ. 6.98. ಸೋಡಿಯಂ ಹೈಡ್ರಾಕ್ಸೈಡಿಗೆ ಇದರ ಕನ್ನಡಿ ಲೆಕ್ಕ, 7.02. ಅವನು ಬರೆದುಕೊಳ್ಳಲಿಲ್ಲ, ನೋಡುತ್ತ ಕೂತ. ಅವನಿಗೆ ಅದು ಶುಕ್ರವಾರವೇ ಗೊತ್ತಿತ್ತು.

ಬಿಟ್ಟ ಮೇಲೆ ಬಾಗಿಲ ಹತ್ತಿರ ಕೇಳಿದೆ, 7ಕ್ಕಿಂತ ಕಡಿಮೆನೇ ಇರಬೇಕು ಅಂತ ನಿನಗೆ ಹೇಗೆ ಅನ್ನಿಸಿತು ಅಂತ. ಪುಸ್ತಕದಲ್ಲಿದೆ ಅನ್ನುತ್ತಾನೆ ಅಂದುಕೊಂಡಿದ್ದೆ.

"ಅಪ್ಪ ಫರಸಿ ಪಾಲಿಶ್ ಕೆಲಸ ಮಾಡ್ತಾನ್ರಿ. ಬಕೀಟ್ ನೀರಾಗ ಒಂದು ಮುಚ್ಚಳ ಆಸಿಡ್ ಬಿದ್ರೂ ಫರಸಿ ಬೆಳ್ಳಗಾಗಿ ಕೆಡ್ತದ್ರಿ, ಅಪ್ಪ ಮುಟ್ಟಗೊಡಂಗಿಲ್ಲ. ನೀರು ಎಷ್ಟು ಕೂಡಿಸಿದ್ರೂ ಅದು ಆಸಿಡೇ ಅಲ್ರಿ ಮೇಡಂ. ನೀರು ಕೂಡಿಸ್ಕೋತ ಹೋದ್ರ ಸುಣ್ಣದ ನೀರು ಆಗಂಗಿಲ್ಲಲ್ರಿ."

ಶಹಾಬಾದಿ ಕಲ್ಲು ಅಂದರೆ ಸುಣ್ಣದ ಕಲ್ಲೇ, ಆಸಿಡ್ ಬಿದ್ದರೆ ನೊರೆ ಬಂದು ಮೇಲಿನ ಹೊಳಪು ತಿಂದು ಹಾಕ್ತದೆ. ನಮ್ಮ ಮನೆಯ ನೆಲವೂ ಅದೇ. ಹದಿನಾರು ವರ್ಷ ಪಾಠ ಮಾಡಿದ್ದೇನೆ, ಈ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ವಿವರಣೆ ಕೊಟ್ಟಿಲ್ಲ. ಲ್ಯಾಬಿನಲ್ಲಿ ಅವನು ಯಾಕೆ ಹೆದರಲಿಲ್ಲ ಅನ್ನೋದೂ ಇವತ್ತೇ ತಿಳಿಯಿತು. ಅಂಥ ತಿಳಿವಳಿಕೆಯನ್ನು ನನ್ನ ಒಂದು ಅಕ್ಷರ ಅಳಿಸಿ ಹಾಕಿತು. ನಾಲ್ಕು ದಿನ ಅವನು ಅಪ್ಪನ ಬಕೀಟಿಗಿಂತ ನನ್ನ ಕೀಯನ್ನು ನಂಬಿದ್ದ.

ಅವ್ವನ ಫೋನ್ ಬಂತು ಈಗ, ಇಷ್ಟು ಹೊತ್ತಿಗೆ. ಸಂಡಿಗೆ ಒಣಗಿದವಂತೆ, ಯುಗಾದಿಗೆ ಆಳಂದಕ್ಕೆ ಬರ್ತೀರೋ ಇಲ್ಲವೋ ಅಂತ. ಭಾನುವಾರವೇ ಯುಗಾದಿ. ಜಾತ್ರೆಗೂ ಹೋಗಲಿಲ್ಲ ಈ ಸಲ. ಅಪ್ಪನ ಗುಡಿಯ, ಅಂದರೆ ಶರಣಬಸವೇಶ್ವರ ಗುಡಿಯ ಮುಂದಿನಿಂದ ಎರಡು ಸಲ ಆಟೋದಲ್ಲಿ ಹಾದು ಹೋದೆ, ಕೈ ಮುಗಿದೆ, ಇಳಿಯಲಿಲ್ಲ. ಬರ್ತೇವೆ ಅಂದೆ ಅವ್ವನಿಗೆ. ಪ್ರಶ್ನೆಪತ್ರಿಕೆ ಹಿಡಕೊಂಡೇ ಬರ್ತೀಯೇನು ಅಂದಳು.

ಇವರಿಗೆ ಊಟದ ಹೊತ್ತಿಗೆ ಹೇಳಿದೆ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದರು. ಗಣಿತದ ಸೆಟ್ ಮಾಡುವಾಗ ಇವರದೊಂದು ಪದ್ಧತಿ ಇದೆ. ಪ್ರಶ್ನೆ ಮಾಡಿದ ದಿನ ಕೀ ಬರೆಯೋದಿಲ್ಲ. ಮರುದಿನ ಮಕ್ಕಳ ಹಾಗೆ ಕೂತು ತಾವೇ ಬಿಡಿಸಿ ಆಮೇಲೆ ಬರೀತಾರೆ. ತಪ್ಪು ಆಯ್ಕೆಗಳನ್ನೂ ಸುಮ್ಮನೆ ತುಂಬೋದಿಲ್ಲ. ಕಾಸ್ ಎಕ್ಸ್‌ನ ಮಾಡ್ಯುಲಸ್ಸನ್ನು ಸೊನ್ನೆಯಿಂದ ಪೈವರೆಗೆ ಇಂಟಿಗ್ರೇಟ್ ಮಾಡಿದರೆ 2. ಮಾಡ್ಯುಲಸ್ ಗೆರೆ ನೋಡದೆ ಓಡಿದವನಿಗೆ 0 ಬರ್ತದೆ, ಅರ್ಧ ದಾರಿಗೇ ನಿಂತವನಿಗೆ 1. ಆ ಎರಡೂ ಆಯ್ಕೆಯಲ್ಲಿ ಇರಬೇಕು ಅಂತಾರೆ. ಹುಡುಗ ಎಲ್ಲಿ ಜಾರಿದ ಅನ್ನೋದು ಅವನು ತುಂಬಿದ ಗುಂಡಿನಿಂದಲೇ ನಮಗೆ ತಿಳಿಯಬೇಕು. ನಾನೂ ಹಾಗೇ ಮಾಡಿದ್ದೆ. 8 ಅಂದರೆ ಘಾತಾಂಕ ಓದಿ ಬರೆದವನು, 7 ಅಂದರೆ ಆಮ್ಲವನ್ನೇ ಮರೆತವನು. 6.96 ಬೇಕಂತಲೇ ಇಟ್ಟಿರಲಿಲ್ಲ. ಬರೀ ಕೂಡಿಸಿ ಬಿಟ್ಟವನೂ 6.98ರ ಹತ್ತಿರ ಬಂದು ಅದನ್ನೇ ಆರಿಸಲಿ, ಎರಡು ನೂರನೇ ಪಾಲಿನ ವ್ಯತ್ಯಾಸಕ್ಕೆ ಮಕ್ಕಳು ಸೋಲುವುದು ಬೇಡ ಅಂತ. ಅಷ್ಟೆಲ್ಲ ಯೋಚಿಸಿ ಕೊನೆಗೆ ಎಂಟಕ್ಕೇ ಸರಿ ಅಂತ ಮುದ್ರೆ ಒತ್ತಿದೆ.

ಫಿಸಿಕ್ಸ್ ಸರ್ ಕೂಡ ಒಮ್ಮೆ ಹೇಳಿದ್ದರು. ಗೋಪುರದ ಮೇಲಿಂದ ಬಿಟ್ಟ ಕಲ್ಲು ಕೊನೆಯ ಒಂದು ಸೆಕೆಂಡಿನಲ್ಲಿ ಎತ್ತರದ 9/25 ಭಾಗ ಬಿದ್ದರೆ ಎತ್ತರ ಎಷ್ಟು. ಐದು ಸೆಕೆಂಡು ಬರ್ತದೆ. ಗುರುತ್ವ ವೇಗೋತ್ಕರ್ಷ 9.8 ಹಿಡಿದರೆ 122.5 ಮೀಟರ್, 10 ಹಿಡಿದರೆ 125. ಯಾವುದು ಹಿಡಿಯಬೇಕು ಅಂತ ಹೇಳದೆ ಎರಡನ್ನೂ ಆಯ್ಕೆಯಲ್ಲಿ ಇಟ್ಟ ಝೆರಾಕ್ಸ್ ಸೆಟ್ಟುಗಳು ಊರಿನ ಸೂಪರ್ ಮಾರ್ಕೆಟ್ ಪೇಟೆ ಕಡೆ ಎಷ್ಟೋ ಸಿಗ್ತಾವೆ. ಆಗ ನಾನು ಅವನ್ನು ಮಾಡಿದವರನ್ನು ಬೈದಿದ್ದೆ.

ದೊಡ್ಡ ಪರೀಕ್ಷೆಗೆ ಒಂದು ದಾರಿಯಾದರೂ ಇದೆ. ಪರೀಕ್ಷಾ ಪ್ರಾಧಿಕಾರ ಮೊದಲು ತಾತ್ಕಾಲಿಕ ಕೀ ಬಿಡ್ತದೆ, ಆಕ್ಷೇಪಣೆ ಕರೀತದೆ, ನೋಡಿ ಅಂತಿಮ ಕೀ ಕೊಡ್ತದೆ. ಹೋದ ವರ್ಷ ಪಠ್ಯದ ಹೊರಗಿನವು ಅಂತ 50 ಪ್ರಶ್ನೆಗಳನ್ನೇ ಮೌಲ್ಯಮಾಪನದಿಂದ ಕೈಬಿಟ್ಟರು. ನಮ್ಮ ಮೂಲೆಯ ಕೋಣೆಯಲ್ಲಿ ಆಕ್ಷೇಪಣೆ ಅಂತ ಒಂದು ಪದ್ಧತಿಯೇ ಇಲ್ಲ. ಮಕ್ಕಳು ಮನೆಗೆ ಹೋಗ್ತಾರೆ, ಕೀ ತೆಗೀತಾರೆ, ತಮ್ಮದನ್ನು ಹೊಡೆದು ಹಾಕ್ತಾರೆ. ಆ ವರ್ಷನ್ ಸಿಕ್ಕವರು ಇಪ್ಪತ್ತೊಂದು ಮಂದಿ. ಒಬ್ಬರೂ ಕೇಳಲಿಲ್ಲ. ಇದೇ ನನ್ನನ್ನು ಹೆಚ್ಚು ಕೊರೀತಿದೆ. ಇವತ್ತು ಎಲ್ಲರ ಹಾಳೆ ಇಸಕೊಂಡು ನೋಡಿದೆ. ಅಫಜಲಪುರದ ಹುಡುಗಿಯದೂ ಮೊದಲು 6.98 ಇತ್ತು. ಅವಳು ಅಳಿಸಿಲ್ಲ, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿಕೊಂಡು ಮೇಲಿನ ಮೊತ್ತದಲ್ಲಿ ಒಂದು ಅಂಕ ಕಳೆದಿದ್ದಾಳೆ. ಎಷ್ಟು ಅಚ್ಚುಕಟ್ಟಾಗಿ ಕಳೆದಿದ್ದಾಳೆ.

ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯೋದಿಲ್ಲ, ನಿಜ. ಆದರೆ ಗುಂಡು ತುಂಬುವ ಓಎಂಆರ್ ಹಾಳೆಯಲ್ಲಿ ಪೆನ್ನು, ರಬ್ಬರ್ ಇಲ್ಲ. ರ‍್ಯಾಂಕಿಗೆ ಅರ್ಧ ಪಿಯು ಅಂಕ, ಅರ್ಧ ಸಿಇಟಿ. ಹತ್ತನೇವರೆಗೆ ಕನ್ನಡದಲ್ಲಿ ಓದಿ ಬಂದು ಎರಡು ವರ್ಷದಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಮತ್ತೆ ಕಲಿತ ಮಕ್ಕಳು ಇವರು. ಸಂವಿಧಾನದ 371(ಜೆ) ವಿಧಿ ಇರುವುದರಿಂದ ನಮ್ಮ ಭಾಗದ ಸೀಟಿನಲ್ಲಿ ಪಾಲಿದೆ, ಇಲ್ಲಿನ ಪಿಡಿಎ ಇಂಜಿನಿಯರಿಂಗ್ ಕಾಲೇಜು ಸಿಕ್ಕರೆ ದಿನಾ ಶಹಾಬಾದಿನಿಂದಲೇ ರೈಲಿಗೆ ಓಡಾಡ್ತೇನೆ ಅಂತಾನೆ ಅವನು, ಹಾಸ್ಟೆಲ್ ಖರ್ಚು ಉಳೀತದೆ ಅಂತ. ಅವನ ಲೆಕ್ಕದಲ್ಲಿ ಎಲ್ಲದಕ್ಕೂ ಜಾಗ ಇದೆ.

ಎಂಟು ಗಂಟೆಗೆ ಗ್ರೂಪಿನಲ್ಲಿ ಹಾಕಿದೆ: "ಸೆಟ್ 4, ಎರಡನೇ ವರ್ಷನ್, ಪ್ರಶ್ನೆ 41. ಕೀ ತಪ್ಪು. ಸರಿ ಉತ್ತರ ಸಿ, 6.98. ತಪ್ಪು ನನ್ನದು." ಹದಿನೇಳು ಮಂದಿ ನೋಡಿದ್ದಾರೆ. ಒಬ್ಬರು "ಓಕೆ ಮೇಡಂ" ಅಂದಿದ್ದಾರೆ. ಆಮೇಲೆ ನೆನಪಾಯಿತು, ಆ ಪಿಡಿಎಫ್ಪನ್ನು ಸೇಡಂದ ಗೆಳತಿ ಕೇಳಿದ್ದಳು, ಕಳಿಸಿದ್ದೆ. ಅವಳು ಯಾದಗಿರಿಯ ಯಾರಿಗೋ ಕಳಿಸಿದ್ದಳಂತೆ. ಅವರು ಮತ್ಯಾರಿಗೆ? ಗೆಳತಿಗೆ ಫೋನ್ ಮಾಡಿ ಹೇಳಿದೆ. ಒಂದು ಪ್ರಶ್ನೆಗೆ ಯಾಕೆ ಇಷ್ಟು ಹಚ್ಚಿಕೊಂಡಿ, ಅರವತ್ತರಲ್ಲಿ ಒಂದು ತಪ್ಪೋದೇ ಅಂದಳು. ಅವಳು ಆ ಹಾಳೆ ನೋಡಿಲ್ಲ. ರಬ್ಬರ್ ತಿಕ್ಕಿ ತೆಳ್ಳಗಾದ ಆ ಜಾಗ ನೋಡಿಲ್ಲ.

ಸೆಕೆ. ಕಿಟಕಿ ತೆರೆದರೂ ಗಾಳಿ ಇಲ್ಲ. ಒಂದರಿಂದ ಏಳರವರೆಗೆ ಎಲ್ಲ ಸೆಟ್ಟುಗಳನ್ನು ಮತ್ತೆ ಬಿಡಿಸೋಕೆ ಕೂತಿದ್ದೇನೆ, ಕೀ ಮುಚ್ಚಿಟ್ಟು. ಎರಡು ಮುಗಿದವು, ತಪ್ಪು ಸಿಗಲಿಲ್ಲ. ಮೂರನೆಯದರ ಅರ್ಧದಲ್ಲಿದ್ದಾಗ ಫೋನಿನಲ್ಲಿ ಬೆಳಕು ಬಂತು. ಅವನ ಅಪ್ಪನ ನಂಬರು. ಅವನು ಬರೆದದ್ದೇ, ಅವನ ಹತ್ತಿರ ಬೇರೆ ಫೋನ್ ಇಲ್ಲ.

"ಮೇಡಂ ಮಲಗಿದ್ರ ಬೆಳಿಗ್ಗೆ ನೋಡ್ರಿ. ಸೆಟ್ 5, 17ನೇದೂ ತಪ್ಪದ ಅನಸ್ತದ ನನಗ."

ಎರಡು ಸಲ ಓದಿದೆ. ಮೂರನೇ ಸೆಟ್ ಪಕ್ಕಕ್ಕಿಟ್ಟು ಐದನೆಯದು ತೆಗೆದೆ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಒಂದು ಫ್ಯಾರಡೆ, ಅಂದರೆ ಒಂದು ಮೋಲ್ ಎಲೆಕ್ಟ್ರಾನಿನಷ್ಟು ವಿದ್ಯುತ್ ಹರಿಸಿದರೆ ಎಷ್ಟು ಗ್ರಾಂ ತಾಮ್ರ ಕೂಡ್ತದೆ. ತಾಮ್ರದ ಪರಮಾಣು ತೂಕ 63.5. ಆಯ್ಕೆಗಳಲ್ಲಿ 63.5 ಇದೆ, 31.75 ಇದೆ. ಕೀ ಇರುವ ಹಾಳೆಯನ್ನು ಬೋರಲು ಹಾಕಿದ್ದೇನೆ. ಒಂದು ಅಯಾನಿಗೆ ಎರಡು ಎಲೆಕ್ಟ್ರಾನ್ ಬೇಕು, ಅಂದ ಮೇಲೆ ಒಂದು ಫ್ಯಾರಡೆಗೆ