ವುಲ್ಫ್ ಕ್ರೀಕ್ ಉಲ್ಕಾ ಕುಳಿಗೆ ಹೊರಡುವ ಮುನ್ನ

ಪಶ್ಚಿಮ ಆಸ್ಟ್ರೇಲಿಯಾದ ವುಲ್ಫ್ ಕ್ರೀಕ್ ಉಲ್ಕಾ ಕುಳಿಯನ್ನು ನೋಡಿ ಮುಗಿಸಲು ಒಂದು ಗಂಟೆ ಸಾಕು. ಕಷ್ಟವಿರುವುದು ದಾರಿಯಲ್ಲಿ. ಕೊನೆಯ ಪಟ್ಟಣವಾದ ಹಾಲ್ಸ್ ಕ್ರೀಕ್‌ನಿಂದ ಕುಳಿಗೆ ಸುಮಾರು 150 ಕಿ.ಮೀ. ದೂರವಿದ್ದು, ತನಾಮಿ ರಸ್ತೆಯ ಮಣ್ಣಿನ ಮೈ ಎಷ್ಟೋ ಕಡೆ ಸೀಮೆ ತಗಡಿನಂತೆ ಅಲೆಯಲೆಯಾಗಿ ಎದ್ದಿರುತ್ತದೆ. ಅಲ್ಲಿನ ಮಳೆಗಾಲದಲ್ಲಿ (ನವೆಂಬರ್‌ನಿಂದ ಏಪ್ರಿಲ್) ರಸ್ತೆ ಮುಚ್ಚಿಹೋಗುವುದರಿಂದ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗಿನ ಅವಧಿಯೇ ಸೂಕ್ತ. ಆಗಲೂ ಹೊರಡುವ ದಿನ ರಸ್ತೆಯ ಸ್ಥಿತಿಯನ್ನು ವಿಚಾರಿಸಬೇಕು.

ನಾವು ಜುಲೈನಲ್ಲಿ ಬಾಡಿಗೆಯ ಫೋರ್‌ವೀಲ್ ಡ್ರೈವ್ ವಾಹನದಲ್ಲಿ ಹೋಗಿದ್ದೆವು. ಮಣ್ಣಿನ ರಸ್ತೆಗೆ ಕೊಂಡೊಯ್ಯಲು ಒಪ್ಪಂದದಲ್ಲಿ ಅನುಮತಿ ಇದೆಯೇ ಎಂಬುದನ್ನು ಮೊದಲೇ ಓದಿಕೊಂಡಿದ್ದೆವಾದರೂ ಸ್ಟೆಪ್ನಿ ಟೈರನ್ನು ಪರೀಕ್ಷಿಸುವುದನ್ನು ಮರೆತಿದ್ದೆವು. ಅರ್ಧ ದಾರಿಯಲ್ಲಿ ಟೈರು ಪಂಕ್ಚರ್ ಆಗಿ ಸ್ಟೆಪ್ನಿಯನ್ನು ಹೊರತೆಗೆದಾಗ ಅದರಲ್ಲಿ ಅರೆಗಾಳಿ ಮಾತ್ರ ಇತ್ತು. ಗಾಳಿ ತುಂಬುವ ಪಂಪು ಜೊತೆಯಲ್ಲಿದ್ದುದರಿಂದ ಬಚಾವಾದೆವು. ಎರಡು ಸ್ಟೆಪ್ನಿ, ಒಂದು ಪಂಪು, ಸಾಧ್ಯವಾದರೆ ಉಪಗ್ರಹ ಫೋನು ಇಲ್ಲದೆ ಹೊರಡುವುದು ಸರಿಯಲ್ಲ. ಕುಳಿಯ ಬಳಿ ಕುಡಿಯುವ ನೀರು ದೊರೆಯುವುದಿಲ್ಲವಾದ್ದರಿಂದ, ಬೇಕಾಗುವುದಕ್ಕಿಂತ ಒಂದು ದಿನದಷ್ಟು ಹೆಚ್ಚಿಗೆ ತುಂಬಿಕೊಳ್ಳಿ. ಮುಖಕ್ಕೆ ಕಟ್ಟಿಕೊಳ್ಳುವ ನೊಣದ ಬಲೆಯನ್ನು ಕಂಡು ನಗಬೇಡಿ. ಹಗಲಿನ ನೊಣಗಳ ಮುಂದೆ ಮಿಕ್ಕ ಯಾವ ಉಪಾಯವೂ ನಡೆಯದು.

ದೂರದಿಂದ ನೋಡಿದರೆ ಬಯಲಿನ ನಡುವೆ ಒಂದು ತಗ್ಗು ದಿಬ್ಬ, ಅಷ್ಟೆ. ಸಡಿಲ ಕಲ್ಲುಗಳ ಪುಟ್ಟ ಏರನ್ನು ಹತ್ತಿ ಅಂಚಿಗೆ ಬಂದಾಗ ಸುಮಾರು 880 ಮೀಟರ್ ಅಗಲದ ದುಂಡನೆಯ ಬಟ್ಟಲು ಒಮ್ಮೆಲೇ ತೆರೆದುಕೊಳ್ಳುತ್ತದೆ. ಮಹಾರಾಷ್ಟ್ರದ ಲೋನಾರ್ ಉಲ್ಕಾ ಕುಳಿ ಇದಕ್ಕಿಂತ ಎರಡು ಪಟ್ಟು ಅಗಲವಾದರೂ ಅಲ್ಲಿ ತಳವನ್ನು ಸರೋವರ ಮುಚ್ಚಿದೆ. ಇಲ್ಲಿ ಒಣ ತಳವೂ ಅದರ ನಡುವೆ ಬೆಳೆದ ಗಿಡಮರಗಳ ಹಸಿರೂ ಕಣ್ಣಿಗೆ ನೇರವಾಗಿ ಸಿಗುತ್ತವೆ. ನಡುಹಗಲಿನ ಬೆಳಕಿನಲ್ಲಿ ಎಲ್ಲವೂ ಚಪ್ಪಟೆಯಾಗಿ ತೋರಿತು. ಆಳ ಕಂಡದ್ದು ಸಂಜೆ, ಪಶ್ಚಿಮದ ಅಂಚಿನ ನೆರಳು ತಳದ ಮೇಲೆ ಹರಡತೊಡಗಿದಾಗ. ಹೀಗಾಗಿ ಹೋದ ದಿನವೇ ಹಿಂದಿರುಗುವ ಯೋಜನೆ ಬೇಡ. ಸಮೀಪದ ಸರಳ ಶಿಬಿರದಾಣದಲ್ಲಿ ಒಂದು ರಾತ್ರಿ ಉಳಿಯಿರಿ. ಜುಲೈ ಅಲ್ಲಿ ಚಳಿಗಾಲ, ರಾತ್ರಿಗೆ ದಪ್ಪ ಹೊದಿಕೆ ಬೇಕು.

ಹೊರಜಗತ್ತಿನ ಭೂವಿಜ್ಞಾನಿಗಳು 1947ರಲ್ಲಿ ವಿಮಾನದಿಂದ ಈ ಕುಳಿಯನ್ನು ಗುರುತಿಸಿದರು. ಈ ಭಾಗದ ಮೂಲನಿವಾಸಿಗಳಾದ ಜಾರು ಜನರಿಗೆ ಇದು ಅದಕ್ಕೂ ಬಹು ಹಿಂದಿನಿಂದ ಕಂಡಿಮಲಾಲ್. ಕಾಮನಬಿಲ್ಲಿನ ಸರ್ಪವೊಂದು ನೆಲದಿಂದ ಮೇಲೆದ್ದ ಜಾಗವಿದು ಎಂಬುದು ಅವರಲ್ಲಿ ಹೇಳಿಕೊಂಡು ಬಂದ ಕಥೆ. ಮೂರು ಲಕ್ಷ ವರ್ಷ ಹಳೆಯದೆಂದು ನಂಬಲಾಗಿದ್ದ ಕುಳಿಯ ವಯಸ್ಸನ್ನು 2019ರ ಅಧ್ಯಯನವು ಸುಮಾರು 1,20,000 ವರ್ಷಕ್ಕೆ ಇಳಿಸಿದೆ. ಅಂಚಿನಿಂದ ಒಳಗೆ ಇಳಿಯಬೇಡಿ, ತುಕ್ಕುಗಟ್ಟಿದಂತೆ ಕಾಣುವ ಕಲ್ಲುಗಳನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಮರುದಿನ ಬೆಳಿಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲೇ ಹಾಲ್ಸ್ ಕ್ರೀಕ್ ತಲುಪಬಹುದು.