ಕರದಂಟಿಗೆ ‘ಮಶಿ’ ಬಳಿದ ಕಥೆ

ಬಾಗಲಕೋಟೆಯ ನವನಗರದಲ್ಲಿ ಒಂದು ಸಣ್ಣ ಆಫೀಸಿನಲ್ಲಿ ನನ್ನ ಕೆಲಸ. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಅಮೀನಗಡದ ಕರದಂಟು, ಕಡಕ್ ರೊಟ್ಟಿ, ಶೇಂಗಾ ಹೋಳಿಗೆ, ಹೀಗೆ ನಮ್ಮ ಜಿಲ್ಲೆಯ ಮಾಲನ್ನು ಆನ್‌ಲೈನ್‌ನಲ್ಲಿ ಮಾರುವವರಿಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದುಕೊಡುತ್ತೇನೆ. ಫೋಟೊ ಕೆಳಗೆ ಇರುತ್ತಲ್ವಾ, ಅದೇ ಸಾಲು. ಅಂಗಡಿಯಲ್ಲಾದರೆ ಸೀರೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಮೊಬೈಲಿನಲ್ಲಿ ಉಜ್ಜಿದರೆ ಗಾಜು ಮಾತ್ರ ಸಿಗುತ್ತದೆ.

ಸೇರಿದ ಹೊಸದರಲ್ಲಿ ನನ್ನ ಹತ್ತಿರ ಇದ್ದ ಬಂಡವಾಳ ಒಂದೇ ಪದ: ಸಾಫ್ಟ್. ಸೀರೆ ಸಾಫ್ಟ್, ರೊಟ್ಟಿ ಸಾಫ್ಟ್, ಹೋಳಿಗೆ ಸಾಫ್ಟ್. ಬರೆದು ಬರೆದು ನನಗೇ ಬೇಜಾರಾಯಿತು. ಬೇರೆ ಪದ ಹುಡುಕಲು ಡಿಕ್ಷನರಿ ತೆಗೆದೆ. ಟೆಂಡರ್, ಸಪಲ್, ಮಶಿ, ಯಾವುದನ್ನು ನೋಡಿದರೂ ‘ಮೆತ್ತಗಿನ, ಮೃದುವಾದ’ ಅಂತಲೇ ಇತ್ತು. ಎಲ್ಲ ಒಂದೇ ಅಂದಮೇಲೆ ಯಾವುದಾದರೇನು? ಕರದಂಟಿನ ಕೆಳಗೆ ‘ಸಾಫ್ಟ್ ಆ್ಯಂಡ್ ಮಶಿ’ ಅಂತ ಹಾಕಿದೆ.

ಎರಡನೇ ದಿನ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. “ಮೇಡಂ, ಇದು ಹಳೇ ಮಾಲಾ? ಕರಗಿ ಮುದ್ದೆ ಆಗಿದ್ಯಾ?” ನನಗೆ ತಲೆಬುಡ ತಿಳಿಯಲಿಲ್ಲ. ನಮ್ಮ ಮಾಲಕರಿಗೆ ತಿಳಿಯಿತು. “ಏನ್ರೀ, ಚೊಲೊ ಕರದಂಟಿಗೆ ಮಸಿ ಬಳದ್ರೆಲ್ಲಾ!” ಅಂದರು. ಆ ಮಾತನ್ನು ಇವತ್ತಿಗೂ ಆಫೀಸಿನಲ್ಲಿ ಯಾರೂ ಮರೆತಿಲ್ಲ.

ಮಶ್ ಅಂದರೆ ಅಮೆರಿಕದಲ್ಲಿ ಮೆಕ್ಕೆಜೋಳದ ಹಿಟ್ಟನ್ನು ಕುದಿಸಿ ಮಾಡುವ ಅಂಬಲಿಯಂಥ ತಿನಿಸು. ಮಶಿ ಅಂದರೆ ಆಕಾರ ಕಳೆದುಕೊಂಡು ಹಾಗೆ ಆದದ್ದು. ಜಾಸ್ತಿ ಹಣ್ಣಾದ ಬಾಳೆಹಣ್ಣು, ಜಾಸ್ತಿ ಬೆಂದ ಅನ್ನ. ಇಂಗ್ಲೆಂಡಿನಲ್ಲಿ ‘ಮಶಿ ಪೀಸ್’ ಅಂತ ಬಟಾಣಿಯ ಪದಾರ್ಥ ಇದೆ, ಜನ ಇಷ್ಟಪಟ್ಟೇ ತಿನ್ನುತ್ತಾರೆ. ಆ ಒಂದು ತಟ್ಟೆ ಬಿಟ್ಟರೆ ಈ ಪದ ಹೆಚ್ಚಾಗಿ ಬೈಗುಳವೇ.

ಹಾಗಾದರೆ ಕರದಂಟು ಏನು? ನಮಗೆ ರೊಟ್ಟಿ, ಕರದಂಟು ಕೊಡುವ ಅಕ್ಕಾರನ್ನು ಕೇಳಿದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಒಂದು ತುಂಡು ತೆಗೆದುಕೊಂಡು ಹೆಬ್ಬೆರಳಿನಿಂದ ಒತ್ತಿದರು. “ನೋಡ ತಂಗಿ, ಒತ್ತಿದರ ಸ್ವಲ್ಪ ಬಗ್ಗತೈತಿ, ಪುಡಿ ಆಗೂದಿಲ್ಲ. ಹಲ್ಲಿಗೆ ಹತ್ತತೈತಿ. ನಡುವ ಅಂಟ ಸಿಕ್ಕರ ಕರಂ ಅಂತೈತಿ.” ಅಂಟು ಅಂದರೆ ತಿನ್ನುವ ಗೋಂದು, ತುಪ್ಪದಲ್ಲಿ ಕರಿದರೆ ಅರಳಿ ಗರಿಗರಿಯಾಗುತ್ತದೆ. ಅದನ್ನೂ ಒಣಕೊಬ್ಬರಿ, ಗೋಡಂಬಿ, ಬದಾಮಿಯನ್ನೂ ಹಿಡಿದಿಡುವುದು ಬೆಲ್ಲದ ಪಾಕ. ಅಂದರೆ ಚ್ಯೂಯಿ, ನಡುನಡುವೆ ಕ್ರಂಚಿ. ಸಾಫ್ಟ್ ಅನ್ನುವ ಪದವೇ ಅಲ್ಲಿ ಬೇಕಿರಲಿಲ್ಲ! ಅಕ್ಕಾರ ಮೂರು ಮಾತಿನಲ್ಲಿ ಇದ್ದದ್ದು ನನ್ನ ಡಿಕ್ಷನರಿಯಲ್ಲಿ ಇರಲಿಲ್ಲ.

ಅವತ್ತಿನಿಂದ ಪದ ಹುಡುಕುವ ಮೊದಲು ಮಾಲನ್ನೇ ಒತ್ತಿ ನೋಡುತ್ತೇನೆ. ಬೆರಳು ತೆಗೆದ ಮೇಲೆ ಮತ್ತೆ ಮೇಲೆದ್ದು ಬಂದರೆ ಸ್ಪಾಂಜಿ, ಢೋಕಳಾ ಥರ. ಒಳಗೆ ಗಾಳಿ ತುಂಬಿ ಹಗುರಾಗಿದ್ದರೆ ಫ್ಲಫಿ. ಮುರಿಯದೆ, ಸುಕ್ಕಾಗದೆ ಬಗ್ಗಿದರೆ ಸಪಲ್. ಹಲ್ಲಿಗೆ ಕೆಲಸ ಕೊಡದೆ ಸುಲಭವಾಗಿ ಹರಿದರೆ ಟೆಂಡರ್. ಈ ಟೆಂಡರ್ ನಮಗೆ ಹೊಸದಲ್ಲ, ಎಳನೀರಿಗೆ ‘ಟೆಂಡರ್ ಕೋಕನಟ್’ ಅನ್ನುತ್ತಾರಲ್ವಾ? ಎಳೆಯದು ಅನ್ನುವ ಅರ್ಥವೂ ಅದರೊಳಗಿದೆ. (ಪಿಡಬ್ಲ್ಯೂಡಿ ಟೆಂಡರ್ ಬೇರೆ. ಅದು ಯಾರಿಗೂ ಮೆತ್ತಗಿಲ್ಲ.)

ಇನ್ನು ಬಟ್ಟೆ. ಇಲ್ಲಿ ನಾನು ದುಡ್ಡಿನ ಪೆಟ್ಟು ತಿಂದದ್ದು. ಇಳಕಲ್ ಸೀರೆಯಲ್ಲಿ ಹಲವು ಥರ. ಒಡಲು ಹತ್ತಿಯದ್ದಾಗಿ, ಸೆರಗು ರೇಷ್ಮೆಯದ್ದೋ ಆರ್ಟ್ ಸಿಲ್ಕಿನದ್ದೋ ಇರುವುದು ಬಹಳ. ಆರ್ಟ್ ಸಿಲ್ಕ್ ಅಂದರೆ ಕೃತಕ ರೇಷ್ಮೆ, ಅದಕ್ಕೆ ನಮ್ಮ ಕಡೆ ಚಮಕಾ ಅನ್ನುತ್ತಾರೆ. ಒಡಲಿನ ಹಾಸಿಗೂ (ಉದ್ದದ ಎಳೆಗಳಿಗೂ) ಸೆರಗಿನ ಹಾಸಿಗೂ ಕುಣಿಕೆ ಹಾಕಿ ಜೋಡಿಸುವುದೇ ಈ ಸೀರೆಯ ಗುರುತು. ಅಂಥ ಒಂದು ಚಮಕಾ ಸೀರೆಗೆ ನಾನು ‘ಸಿಲ್ಕಿ ಸಾರಿ’ ಅಂತ ಬರೆದೆ. ಕೈಗೆ ಜಾರುವ ನುಣುಪಿಗೆ ಸಿಲ್ಕಿ ಅನ್ನಬಹುದು, ವ್ಯಾಕರಣ ತಪ್ಪಿಲ್ಲ. ಆದರೆ ಸೀರೆ ಕೊಳ್ಳುವವರು ಆ ಪದದಲ್ಲಿ ‘ಕಿ’ ಓದುವುದಿಲ್ಲ, ಸಿಲ್ಕ್ ಅಷ್ಟೇ ಓದುತ್ತಾರೆ. ರೇಷ್ಮೆ ಅಂದುಕೊಂಡು ತರಿಸಿದವರು ವಾಪಸ್ ಕಳಿಸಿದರು, ಎರಡೂ ಕಡೆಯ ಕೊರಿಯರ್ ಖರ್ಚು ನಮ್ಮದಾಯಿತು. ಅವರದು ತಪ್ಪು ಅಂತ ನನಗೆ ಅನಿಸಲಿಲ್ಲ. ಕೂದಲಿಗೆ ಸಿಲ್ಕಿ ಅನ್ನಿ, ಯಾರೂ ಮೋಸ ಹೋಗುವುದಿಲ್ಲ. ಸೀರೆಗೆ ಅನ್ನಬೇಕಾದರೆ ಅದು ರೇಷ್ಮೆಯೇ ಆಗಿರಬೇಕು. ಈಗ ಚಮಕಾ ಸೆರಗಿಗೆ ‘ಸ್ಮೂದ್, ಗ್ಲಾಸಿ’ (ನುಣುಪು, ಹೊಳಪು) ಅಂತ ಬರೆದು, ಪಕ್ಕದಲ್ಲಿ ಆರ್ಟ್ ಸಿಲ್ಕ್ ಅಂತ ದೊಡ್ಡದಾಗಿ ಹಾಕುತ್ತೇನೆ.

ವೆಲ್ವೆಟಿ ಅನ್ನುವ ಪದದ ಮೇಲೂ ನನಗೆ ಆಸೆ ಇತ್ತು. ಖಣಕ್ಕೆ ಹಾಕಬೇಕೆಂದಿದ್ದೆ. ಮಖಮಲ್ಲಿನ ಮೇಲೆ ಸಣ್ಣ ನವಿರು ಎದ್ದು ನಿಂತಿರುತ್ತದೆ. ಒಂದು ಕಡೆ ಸವರಿದರೆ ನಯ, ಉಲ್ಟಾ ಸವರಿದರೆ ಕೈ ತಡೆಯುತ್ತದೆ. ಖಣದಲ್ಲಿ ಆ ನವಿರೇ ಇಲ್ಲ, ನೇಯ್ದ ಚಿತ್ತಾರ ಬೆರಳಿಗೆ ಸಿಗುತ್ತದೆ ಅಷ್ಟೇ. ಆಸೆ ಬಿಟ್ಟೆ.

ಹೊಸ ಹತ್ತಿ ಸೀರೆ ಗಂಜಿಯಿಂದ ಬಿರುಸಾಗಿರುತ್ತದೆ. ಅದಕ್ಕೆ ‘ಸ್ಟಿಫ್’ ಅಂದರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ, ‘ಕ್ರಿಸ್ಪ್’ ಅಂದರೆ ಮುಂದೆ ಬರುತ್ತಾರೆ. ಗಂಜಿ ಹೋಗಿ ಸೀರೆ ಮೈಗೆ ಒಗ್ಗಿದರೆ ಸಪಲ್. ಅದೇ ಗಂಜಿ ಹೋಗಿ ನೆರಿಗೆ ನಿಲ್ಲದೆ ಜೋತುಬಿದ್ದರೆ ಲಿಂಪ್. ಸೀರೆ ಒಂದೇ, ಉಟ್ಟವರ ಸಿಟ್ಟು ಬೇರೆ.

ಕಡಕ್ ರೊಟ್ಟಿಯದ್ದು ಇನ್ನೂ ಮಜಾ. ಮಳೆಗಾಲದಲ್ಲಿ ಪೊಟ್ಟಣ ತೆರೆದಿಟ್ಟರೆ ರೊಟ್ಟಿ ತಂಪು ಹಿಡಿದು ಮೆತ್ತಗಾಗುತ್ತದೆ. ಅದನ್ನು ಮೊದಲೇ ಹೇಳಿಬಿಡೋಣ ಅಂತ ಇಂಗ್ಲಿಷಿನಲ್ಲಿ ‘ಮಳೆಗಾಲದಲ್ಲಿ ರೊಟ್ಟಿ ಟೆಂಡರ್ ಆಗಬಹುದು’ ಅನ್ನುವ ಅರ್ಥದಲ್ಲಿ ಬರೆದೆ. ದೂರು ಹೇಳಲು ಹೋಗಿ ಹೊಗಳಿಬಿಟ್ಟಿದ್ದೆ! ಒಬ್ಬರು ಚಾಟ್‌ನಲ್ಲಿ, ಆ ಟೆಂಡರ್ ರೊಟ್ಟಿಯೇ ಬೇಕು, ಅಜ್ಜಿಗೆ ಹಲ್ಲಿಲ್ಲ ಅಂತ ಕೇಳಿದರು. ಆಮೇಲೆ ‘ಸಾಗಿ’ ಅಂತ ತಿದ್ದಿದೆ, ಅದೂ ಸರಿಹೋಗಲಿಲ್ಲ. ಸಾಗಿ ಅಂದರೆ ನೀರು ಕುಡಿದು ತೊಪ್ಪೆಯಾದದ್ದು, ಚಹಾದಲ್ಲಿ ಮರೆತ ಬಿಸ್ಕತ್ತು. ನಮ್ಮ ರೊಟ್ಟಿ ಅಷ್ಟು ಕೆಡುವುದಿಲ್ಲ. ಕೊನೆಗೆ ಗರಿಗರಿ ಕಡಿಮೆಯಾಗಬಹುದು, ಹಂಚಿನ ಮೇಲೆ ಬಿಸಿ ಮಾಡಿ ಅಂತ ಸುಮ್ನೆ ನೇರವಾಗಿ ಬರೆದೆ. ಆಮೇಲೆ ಆ ಬಗ್ಗೆ ಫೋನ್ ಬಂದಿಲ್ಲ.

ಈ ವಾರ ಮೇಜಿನ ಮೇಲೆ ಶೇಂಗಾ ಹೋಳಿಗೆ ಇದೆ. ಹೊರಗಿನ ಕಣಕ ಬಗ್ಗುತ್ತದೆ, ಒಳಗಿನ ಹೂರಣ ಉದುರುತ್ತದೆ, ಬಾಯಿಗೆ ಹೋದಮೇಲೆ ಕರಗುತ್ತದೆ. ಕ್ರಂಬ್ಲಿ ಅಂತ ಬರೆದು ಅಳಿಸಿದ್ದೇನೆ, ಮೆಲ್ಟಿಂಗ್ ಅಂತ ಬರೆದು ಅಳಿಸಿದ್ದೇನೆ. ಪದ ಸಿಗುವ ಮೊದಲೇ ಸ್ಯಾಂಪಲ್ ಖಾಲಿಯಾಯಿತು. ಅಕ್ಕಾರಿಗೆ ಫೋನ್ ಮಾಡಿದೆ. “ಇದು ಮೂರನೇ ಪಾಕೀಟ ತಂಗಿ, ಬರಿಯಾಕತ್ತೀಯೋ ತಿನ್ನಾಕತ್ತೀಯೋ?” ಅಂದರು.