ಊಟಿಯ ಚಳಿಯಲ್ಲಿ ನಮ್ಮೂರ ಕೇಪಳ

ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಯ ಹಿಂದಿನ ಗುಡ್ಡೆಯಲ್ಲಿ ಕೆಂಪು ಹೂವಿನ ಕೇಪಳ ಗಿಡಕ್ಕೆ ಯಾರೂ ನೀರು ಹಾಕಿದ್ದು ನನಗೆ ನೆನಪಿಲ್ಲ. ತಾನಾಗಿ ಹುಟ್ಟುತ್ತಿತ್ತು, ದನ ಮೇದರೂ ಮತ್ತೆ ಚಿಗುರುತ್ತಿತ್ತು. ಅದೇ ಕೇಪಳಕ್ಕೆ ಈಗ ನಾನು ದಿನಾ ಸಂಜೆ ಅಪ್ಪನ ಹಳೆ ಪಂಚೆ ಹೊದೆಸುತ್ತೇನೆ. ಬೆಳಗ್ಗೆ ತೆಗೆದು ಒಣಗಿಸಿ ಮಡಚಿಡುತ್ತೇನೆ. ಊಟಿಯಲ್ಲಿ ಚಳಿಗಾಲ ಕಳೆಯುವುದೆಂದರೆ ನನಗೆ ಇದೇ.

ಕೆಲಸದ ಮೇಲೆ ಇಲ್ಲಿಗೆ ಬಂದು ಆರು ವರ್ಷವಾಯಿತು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಊರು. ಬಾಡಿಗೆ ಮನೆ ಇರುವುದು ಪೇಟೆಯಿಂದ ಕೆಳಗೆ, ಒಂದು ತಗ್ಗಿನಲ್ಲಿ. ಮನೆಯ ಮುಂದೆ ನಾಲ್ಕು ಹೆಜ್ಜೆ ಅಂಗಳ. ಮೊದಲ ವರ್ಷ ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಮ್ಮನ ಹತ್ತಿರ ಕೇಳಿ ಐದು ಗಿಡ ತಂದೆ: ಕೇಪಳ, ಕೆಂಪು ದಾಸವಾಳ, ಅಬ್ಬಲಿಗೆ, ಬಸಳೆ, ವೀಳ್ಯದೆಲೆ ಬಳ್ಳಿ. ಬೇರಿಗೆ ಒದ್ದೆ ಗೋಣಿ ಸುತ್ತಿ, ಅಡಿಕೆ ಹಾಳೆಯಲ್ಲಿ ಕಟ್ಟಿ, ಕಲ್ಲಿಕೋಟೆವರೆಗೆ ರೈಲಿನಲ್ಲಿ, ಅಲ್ಲಿಂದ ನಿಲಂಬೂರು, ನಾಡುಕಾಣಿ ಘಾಟಿ ಹತ್ತಿ ಬಸ್ಸಿನಲ್ಲಿ. ದಾರಿಯುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡಿದ್ದೆ.

ಮಳೆಗಾಲದಲ್ಲಿ ಎಲ್ಲ ಸುಮಾರಾಗಿ ಬೆಳೆದವು. ದಾಸವಾಳ ಎರಡು ಹೂವನ್ನೂ ಬಿಟ್ಟಿತು. ಡಿಸೆಂಬರಿನಲ್ಲಿ ಹಿಂಗಾರು ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗೆ ಆಯಿತು. ಒಂದು ಬೆಳಗ್ಗೆ ಆರೂವರೆಗೆ ಬಾಗಿಲು ತೆಗೆದರೆ ಅಂಗಳವೆಲ್ಲ ಬೆಳ್ಳಗೆ. ಹತ್ತಿರ ಹೋಗಿ ಬಸಳೆಯ ಎಲೆ ಮುಟ್ಟಿದೆ. ಗಾಜಿನ ಹಾಗೆ ಗಟ್ಟಿಯಾಗಿತ್ತು. ಅಂಚಿನಲ್ಲಿ ಕಲ್ಲುಪ್ಪು ಉದುರಿಸಿದ ಹಾಗೆ ಹರಳು ನಿಂತಿತ್ತು. ನಾನು ಸುಮ್ನೆ ನಿಂತು ನೋಡಿದೆ, ಅಷ್ಟು ಚಂದ ಇತ್ತು. ಒಂಬತ್ತು ಗಂಟೆಗೆ ಬಿಸಿಲು ಬಂತು. ಅದೇ ಎಲೆ ಕುದಿನೀರಿಗೆ ಹಾಕಿ ತೆಗೆದ ಸೊಪ್ಪಿನ ಹಾಗೆ ಜೋತುಬಿತ್ತು. ಮಧ್ಯಾಹ್ನಕ್ಕೆ ಕಪ್ಪಾಗಿತ್ತು. ಅಮ್ಮನಿಗೆ ಫೋನ್ ಮಾಡಿದೆ. "ಎಂತ ಮಗಾ, ನೀರು ಹಾಕ್ಲಿಲ್ವಾ?" ಎಂದು ಕೇಳಿದರು. ಗಿಡ ಸಾಯಲು ನಮ್ಮೂರಿನಲ್ಲಿ ಬೇರೆ ಕಾರಣ ಇಲ್ಲವಲ್ಲ.

ಇಲ್ಲಿ ಇದಕ್ಕೆ ತಮಿಳಿನಲ್ಲಿ ಉರೈಪನಿ ಎನ್ನುತ್ತಾರೆ, ಹೆಪ್ಪುಗಟ್ಟುವ ಇಬ್ಬನಿ. ನಾನು ಹಿಮ ಎನ್ನುವುದೂ ಇದಕ್ಕೇ. ನನಗೆ ಮೊದಲು ಪಾಠ ಹೇಳಿದವರು ಪಕ್ಕದ ಮನೆಯ ಅಜ್ಜಿ, ನೀಲಗಿರಿಯ ಬಡಗ ಸಮುದಾಯದವರು. ಅವರು ಬಡಗದಲ್ಲಿ, ನಾನು ಕನ್ನಡದಲ್ಲಿ. ಎರಡು ಭಾಷೆಯೂ ಅಷ್ಟು ಹತ್ತಿರ ಇರುವುದರಿಂದ ಮಾತಿಗೆ ತೊಂದರೆ ಆಗಲಿಲ್ಲ. ರಾತ್ರಿ ಊಟ ಮುಗಿಸಿ ಹೊರಗೆ ಬಂದು ಮೇಲೆ ನೋಡು ಎಂದರು. ಮೋಡ ಇದ್ದರೆ ನಿಶ್ಚಿಂತೆಯಿಂದ ಮಲಗು, ಗಾಳಿ ಬೀಸುತ್ತಿದ್ದರೂ ಮಲಗು. ನಕ್ಷತ್ರ ಚೆನ್ನಾಗಿ ಕಂಡು, ಎಲೆ ಅಲ್ಲಾಡದೆ ನಿಂತಿದ್ದರೆ ಗಿಡ ಮುಚ್ಚು. ಹೆತ್ತೆ ಹಬ್ಬದ ಹೊತ್ತಿಗೆ ಜಾಸ್ತಿ ಜಾಗ್ರತೆ ಬೇಕು ಎಂದೂ ಹೇಳಿದರು. ಬಡಗರ ಆ ಹಬ್ಬ ಬರುವುದು ಡಿಸೆಂಬರ್, ಜನವರಿಯಲ್ಲಿ.

ಅಜ್ಜಿ ಹೇಳಿದ್ದು ಅಕ್ಷರಶಃ ಸರಿ. ಹಗಲು ನೆಲ ಕಾಯುತ್ತದೆ. ರಾತ್ರಿ ಆ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡ ಇದ್ದರೆ ಅದು ಕಂಬಳಿಯ ಹಾಗೆ ತಡೆದು ಸ್ವಲ್ಪ ಬಿಸಿಯನ್ನು ವಾಪಸ್ ಕಳಿಸುತ್ತದೆ. ಮೋಡ ಇಲ್ಲದಿದ್ದರೆ ತಡೆಯುವವರಿಲ್ಲ. ಗಾಳಿ ಬೀಸಿದರೆ ಮೇಲಿನ ಬೆಚ್ಚನೆ ಗಾಳಿ ಕೆಳಗಿನದರ ಜೊತೆ ಬೆರೆಯುತ್ತದೆ. ಗಾಳಿ ನಿಂತರೆ ತಣ್ಣಗಿನ ಗಾಳಿ ಭಾರವಾಗಿ, ನೀರಿನ ಹಾಗೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಸೇರುತ್ತದೆ. ಅದಕ್ಕೇ ಗುಡ್ಡದ ಮೇಲಿನ ಮನೆಯವರ ಗಿಡ ಉಳಿದು ನನ್ನದು ಸುಟ್ಟಿತ್ತು. ಹವಾಮಾನ ವರದಿಯಲ್ಲಿ 3 ಡಿಗ್ರಿ ಎಂದಿದ್ದರೂ ನನ್ನ ಅಂಗಳದಲ್ಲಿ ಹಿಮ ಬೀಳುವುದು ಯಾಕೆ ಎಂದೂ ಆಮೇಲೆ ತಿಳಿಯಿತು. ಅಳೆಯುವ ಥರ್ಮಾಮೀಟರ್ ಇರುವುದು ನೆಲದಿಂದ ಒಂದು ಮೀಟರಿಗಿಂತ ಮೇಲೆ. ಹುಲ್ಲಿನ ಮಟ್ಟದಲ್ಲಿ ಚಳಿ ಅದಕ್ಕಿಂತ ಎಷ್ಟೋ ಜಾಸ್ತಿ.

ಎಲೆಯೊಳಗೆ ಆಗುವುದು ಇನ್ನೂ ಸೂಕ್ಷ್ಮ. ಜೀವಕೋಶಗಳ ನಡುವಿನ ಸಂದಿಯಲ್ಲಿ ಮೊದಲು ಮಂಜುಗಡ್ಡೆ ಕಟ್ಟುತ್ತದೆ. ಅದು ಕೋಶದೊಳಗಿನ ನೀರನ್ನು ಎಳೆದುಕೊಳ್ಳುತ್ತದೆ. ಅಂದರೆ ಗಿಡ ಒಂದು ರೀತಿಯಲ್ಲಿ ನೀರಿಲ್ಲದೇ ಸಾಯುತ್ತದೆ. ಅಮ್ಮ ಕೇಳಿದ ಪ್ರಶ್ನೆ ಪೂರ್ತಿ ತಪ್ಪಲ್ಲ ಎಂದು ಆಗ ಅನಿಸಿತು. ಬಾಳೆ, ವೀಳ್ಯದೆಲೆಯಂಥವಕ್ಕೆ ಹಿಮವೇ ಬೀಳಬೇಕೆಂದಿಲ್ಲ. ಹತ್ತು ಹನ್ನೆರಡು ಡಿಗ್ರಿಗಿಂತ ಕೆಳಗೆ ಇಳಿದು ಹಾಗೇ ಉಳಿದರೂ ಅವು ಸೊರಗುತ್ತವೆ.

ಎರಡನೇ ವರ್ಷ ಪ್ಲಾಸ್ಟಿಕ್ ಹಾಳೆ ಹೊದೆಸಿ ಮತ್ತೆ ಕೆಟ್ಟೆ. ಹಾಳೆ ಎಲೆಗೆ ತಾಗಿದ ಕಡೆಯೆಲ್ಲ ಕರಕಲು. ಮೇಲಿನ ಚಳಿ ನೇರವಾಗಿ ಎಲೆಗೆ ದಾಟುತ್ತದೆ, ಒಳಗೆ ಬೆವರು ನಿಂತು ಅದೂ ಹೆಪ್ಪುಗಟ್ಟುತ್ತದೆ. ಈಗ ಬಟ್ಟೆ ಮಾತ್ರ. ಗಿಡದ ಸುತ್ತ ನಾಲ್ಕು ಕೋಲು ಊರಿ, ಎಲೆಗೆ ತಾಗದ ಹಾಗೆ ಪಂಚೆ ಅಥವಾ ಹತ್ತಿ ಸೀರೆ ಇಳಿಬಿಡುತ್ತೇನೆ. ಬಟ್ಟೆ ನೆಲ ಮುಟ್ಟಲೇಬೇಕು. ಗಿಡಕ್ಕೆ ಸ್ವಂತ ಬಿಸಿ ಇಲ್ಲ, ಬಿಸಿ ಬರುವುದು ಮಣ್ಣಿನಿಂದ. ಕೊಡೆಯ ಹಾಗೆ ಮೇಲೆ ಮಾತ್ರ ಕಟ್ಟಿದರೆ ಅದು ಬದಿಯಿಂದ ಹೋಗಿಬಿಡುತ್ತದೆ. ಬಿಸಿಲಿರುವ ಹಗಲು ನೆಲಕ್ಕೆ ನೀರು ಹಾಕಿಡುತ್ತೇನೆ. ಒದ್ದೆ ಮಣ್ಣು ಒಣ ಮಣ್ಣಿಗಿಂತ ಜಾಸ್ತಿ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಕುಂಡದ ಗಿಡಕ್ಕೆ ಮಾತ್ರ ಇದು ಬೇಡ, ಚಳಿಯಲ್ಲಿ ಕುಂಡ ಒದ್ದೆಯಾಗಿಯೇ ಇದ್ದರೆ ಬೇರು ಕೊಳೆಯುತ್ತದೆ. ಕುಂಡಗಳನ್ನು ಎತ್ತಿ ಅಡುಗೆಮನೆಯ ಗೋಡೆಗೆ ತಾಗಿಸಿ ಇಡುತ್ತೇನೆ.

ಎಲ್ಲಿ ನೆಡುತ್ತೇವೆ ಎನ್ನುವುದು ಹೊದೆಸುವುದಕ್ಕಿಂತ ಮುಖ್ಯ ಎಂದು ಈಗ ನನಗೆ ಅನಿಸುತ್ತದೆ. ಬೆಳಗಿನ ಬಿಸಿಲು ಒಳ್ಳೆಯದೆಂದು ಮೊದಲು ಎಲ್ಲವನ್ನೂ ಮೂಡು ಬದಿಗೆ ನೆಟ್ಟಿದ್ದೆ. ಹೆಪ್ಪುಗಟ್ಟಿದ ಎಲೆಗೆ ಒಮ್ಮೆಲೇ ಬಿಸಿಲು ಬಿದ್ದರೆ ಪೆಟ್ಟು ಹೆಚ್ಚು. ಈಗ ಕೇಪಳ, ದಾಸವಾಳ ಎರಡೂ ಪಡು ಗೋಡೆಯ ಹತ್ತಿರ, ಮಾಡಿನ ಇಳಿಜಾರಿನ ಕೆಳಗೆ. ಗೋಡೆ ಮಧ್ಯಾಹ್ನದ ಬಿಸಿಲನ್ನು ಕುಡಿದು ರಾತ್ರಿ ನಿಧಾನಕ್ಕೆ ಬಿಡುತ್ತದೆ. ಅಪ್ಪನಿಗೆ ಇದನ್ನು ಹೇಳಿದಾಗ ತಕ್ಷಣ ಅರ್ಥವಾಯಿತು. ಎಳೆ ಅಡಿಕೆ ಸಸಿಗೆ ಪಡುವಣ ಬಿಸಿಲು ತಾಗದ ಹಾಗೆ ಮಡಲು ಕಟ್ಟಿ ಬೆಳೆಸಿದವರು ಅವರು. "ನಾವು ಬಿಸಿಲಿಗೆ ಕಟ್ಟುವುದು, ನೀನು ಚಳಿಗೆ ಕಟ್ಟುವುದು" ಎಂದರು. ಮರುವಾರವೇ ನಾಲ್ಕು ಹಳೆ ಪಂಚೆ ಪಾರ್ಸೆಲ್ ಬಂತು.

ಈ ಗುಡ್ಡಗಳ ಕಾಡಿಗೂ ಇದೇ ಲೆಕ್ಕ ಇದೆ. ನೀಲಗಿರಿಯ ಶೋಲಾ ಕಾಡು ಕಣಿವೆಗಳಲ್ಲಿ ಗುಂಪುಗುಂಪಾಗಿ ಇರುತ್ತದೆ, ಸುತ್ತ ಬರೀ ಹುಲ್ಲು. ಶೋಲಾ ಮರಗಳ ಸಸಿ ಬಯಲಿನ ಹುಲ್ಲಿನಲ್ಲಿ ಹುಟ್ಟಿದರೂ ಹಿಮಕ್ಕೆ ಬದುಕುವುದು ಕಷ್ಟ, ದೊಡ್ಡ ಮರದ ನೆರಳಲ್ಲಿ ಉಳಿಯುತ್ತದೆ. ಹುಲ್ಲುಗಾವಲಿನಲ್ಲಿ ಒಂಟಿಯಾಗಿ ನಿಲ್ಲುವ ಮರವೆಂದರೆ ಕೆಂಪು ಹೂವಿನ ರೋಡೋಡೆಂಡ್ರಾನ್. ಅದು ಹಿಮಕ್ಕೂ ಬಗ್ಗುವುದಿಲ್ಲ, ಹುಲ್ಲಿನ ಬೆಂಕಿಗೂ ಬಗ್ಗುವುದಿಲ್ಲ.

ನೀವು ಪ್ರವಾಸ ಬಂದಾಗ ನೋಡುವ ಸರ್ಕಾರಿ ಬೊಟಾನಿಕಲ್ ಗಾರ್ಡನ್ ಶುರುವಾದದ್ದು 1848ರ ಸುಮಾರಿಗೆ. ಅಲ್ಲಿ ಚಳಿಗಾಲದಲ್ಲಿ ಎಳೆ ಗಿಡಗಳ ಮೇಲೆ ಕೋತಗಿರಿ ಮಿಲಾರ್ ಎನ್ನುವ ಗಿಡದ ರೆಂಬೆ ಮುಚ್ಚುತ್ತಾರೆ. ಹುಲ್ಲುಹಾಸಿಗೆ ನಸುಕಿನಲ್ಲೇ ನೀರು ಚಿಮುಕಿಸುತ್ತಾರೆ. ಚಳಿಯಲ್ಲಿ ನೀರು ಯಾಕಪ್ಪಾ ಎಂದು ಅನಿಸಬಹುದು. ಪೈಪಿನ ನೀರು ಹಿಮಕ್ಕಿಂತ ಬೆಚ್ಚಗೆ ಇರುತ್ತದೆ, ಬಿಸಿಲು ಬೀಳುವ ಮೊದಲೇ ಎಲೆಯ ಮೇಲಿನ ಹರಳನ್ನು ಕರಗಿಸುತ್ತದೆ. ಒಂದು ಗ್ರಾಂ ನೀರು ಮಂಜುಗಡ್ಡೆ ಆಗುವಾಗ ಸುಮಾರು 80 ಕ್ಯಾಲೊರಿ ಶಾಖವನ್ನೂ ಬಿಡುತ್ತದೆ. ಆದರೆ ಅರ್ಧದಲ್ಲಿ ನಿಲ್ಲಿಸಿದರೆ ಹಾನಿಯೇ ಹೆಚ್ಚು, ಹಿಮ ಪೂರ್ತಿ ಕರಗುವವರೆಗೆ ಹಾಕುತ್ತಿರಬೇಕು. ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುವ ನನ್ನಂಥವರಿಗೆ ಅದು ಆಗುವ ಕೆಲಸ ಅಲ್ಲ. ಹೊಗೆ ಹಾಕಿದರೆ ಸಾಕು ಎಂದೂ ಕೆಲವರು ಹೇಳುತ್ತಾರೆ. ನಾನು ಒಂದು ರಾತ್ರಿ ಮಾಡಿ ನೋಡಿದೆ, ಕಣ್ಣು ಉರಿದದ್ದೇ ಬಂತು. ಹೊಗೆ ನೆಲದ ಬಿಸಿಯನ್ನು ಮೋಡದ ಹಾಗೆ ತಡೆಯುವುದಿಲ್ಲ.

ಗೊಬ್ಬರ ಅಕ್ಟೋಬರಿಗೆ ಬಂದ್. ಆಮೇಲೆ ಹಾಕಿದರೆ ಎಳೆ ಚಿಗುರು ಬರುತ್ತದೆ, ಮೊದಲು ಸುಡುವುದು ಅದೇ.

ಇನ್ನೊಂದು ವಿಷಯ ಬಿಡಿಸಿ ಹೇಳಬೇಕು, ಯಾಕೆಂದರೆ ಒಂದು ಅಬ್ಬಲಿಗೆಯನ್ನು ನಾನು ಹೀಗೇ ಕಳೆದುಕೊಂಡೆ. ಸುಟ್ಟ ರೆಂಬೆ ಕಂಡರೆ ಕೈ ತಡೆಯುವುದಿಲ್ಲ, ಕತ್ತರಿಸಿಬಿಡೋಣ ಅನಿಸುತ್ತದೆ. ಕತ್ತರಿಸಬೇಡಿ. ಒಣಗಿದ ಎಲೆಯೇ ಕೆಳಗಿನ ಕಾಂಡಕ್ಕೆ ಹೊದಿಕೆ. ಕತ್ತರಿಸಿದರೆ ಗಿಡ ಜನವರಿಯಲ್ಲೇ ಚಿಗುರಲು ಹೊರಡುತ್ತದೆ, ಮುಂದಿನ ಹಿಮಕ್ಕೆ ಅದೂ ಹೋಗುತ್ತದೆ. ಮಾರ್ಚ್ ವರೆಗೆ ಕಾಯಬೇಕು. ಹೋದ ಚಳಿಗಾಲದಲ್ಲಿ ನಾನು ಮೂರು ದಿನ ಊಟಿಯಲ್ಲಿ ಇಲ್ಲದಾಗ ಕೇಪಳ ಪೂರ್ತಿ ಕಂದುಬಣ್ಣಕ್ಕೆ ತಿರುಗಿತ್ತು. ಮಾರ್ಚಿನ ಒಂದು ಭಾನುವಾರ ಕೂತು ತುದಿಯಿಂದ ಒಂದೊಂದೇ ಕಡೆ ತೊಗಟೆಯನ್ನು ಉಗುರಲ್ಲಿ ಮೆಲ್ಲಗೆ ಕೆರೆದೆ. ಕಂದು. ಇನ್ನೊಂದು ಗೇಣು ಕೆಳಗೆ, ಅಲ್ಲೂ ಕಂದು. ಬುಡದಿಂದ ನಾಲ್ಕು ಬೆರಳು ಮೇಲೆ ಕೆರೆದಾಗ ಹಸಿರು ಕಂಡಿತು, ಒದ್ದೆ ಹಸಿರು. ಅಲ್ಲಿಗೇ ಕತ್ತರಿಸಿದೆ. ಏಪ್ರಿಲಿನಲ್ಲಿ ಅಕ್ಕಿಕಾಳಿನಷ್ಟು ಎರಡು ಕೆಂಪು ಚಿಗುರು ಬಂತು. ಫೋಟೋ ಅಮ್ಮನಿಗೆ ಕಳಿಸಿದೆ. ಅಮ್ಮ ಅದನ್ನು ದೇವರ ಕೋಣೆಯಲ್ಲಿ ನಿಂತೇ ನೋಡಿದರಂತೆ.

ವೀಳ್ಯದೆಲೆ ಬಳ್ಳಿಯನ್ನು ಎರಡು ಸಲ ತಂದು ಎರಡು ಸಲವೂ ಕಳೆದುಕೊಂಡೆ. ಇನ್ನು ತರುವುದಿಲ್ಲ, ಅದನ್ನು ಇಲ್ಲಿ ಇಡುವುದು ಅದಕ್ಕೆ ಹಿಂಸೆ. ಬಸಳೆಯನ್ನು ಬಿಡಲು ಮಾತ್ರ ಮನಸ್ಸು ಬರುವುದಿಲ್ಲ. ಹೊರಗಿನ ಬಳ್ಳಿ ಡಿಸೆಂಬರಿನಲ್ಲಿ ಹೋದರೆ ಹೋಗಲಿ ಎಂದು ನವೆಂಬರಿನಲ್ಲೇ ಎರಡು ದಂಟು ಕತ್ತರಿಸಿ ಅಡುಗೆಮನೆಯ ಕಿಟಕಿಯಲ್ಲಿ ಕುಂಡಕ್ಕೆ ಊರುತ್ತೇನೆ. ಕಪ್ಪು ಹಣ್ಣಿನ ಬೀಜವನ್ನೂ ಒಣಗಿಸಿ ಇಡುತ್ತೇನೆ.

ಈ ತಿಂಗಳು ಊರಿಂದ ಇಬ್ಬರು ಮೂವರು ಊಟಿಗೆ ಬರುವವರಿದ್ದೀರಿ, ಏನು ತರಲಿ ಎಂದು ಕೇಳಿದ್ದೀರಿ. ದಯವಿಟ್ಟು ಈಗ ಗಿಡ ತರಬೇಡಿ. ಹಳೆ ಹತ್ತಿ ಸೀರೆ ಇದ್ದರೆ ತನ್ನಿ, ಹರಿದಿದ್ದರೂ ಅಡ್ಡಿಯಿಲ್ಲ. ಏಪ್ರಿಲಿನಲ್ಲಿ ಬರುವವರು ಅಬ್ಬಲಿಗೆಯ ಒಂದು ಸಸಿ ತಂದರೆ ಪಡು ಗೋಡೆಯ ಹತ್ತಿರ ಜಾಗ ಇಟ್ಟಿದ್ದೇನೆ.